ಆಟದ ಬಯಲಿನ ಅಂಚಿನಲ್ಲಿ ಕುಳಿತ ಮಗುವಿಗೆ ಜಿಮ್ನಾಸ್ಟಿಕ್ಸ್ ಏನನ್ನು ಕಲಿಸಬಲ್ಲದು?

ಶಾಲೆಯ ಆಟದ ಅವಧಿಯಲ್ಲಿ ಮಕ್ಕಳೆಲ್ಲ ಬಯಲಿಗಿಳಿದಾಗ ಒಂದು ಮಗು ಮಾತ್ರ ಜಗಲಿಯಲ್ಲಿ ಕುಳಿತು ಉಳಿದವರ ಚಪ್ಪಲಿಗಳನ್ನೂ ನೀರಿನ ಬಾಟಲಿಗಳನ್ನೂ ಕಾಯುತ್ತಿರುತ್ತದೆ. ನಮ್ಮ ಅನೇಕ ಶಾಲೆಗಳಲ್ಲಿ ಇದು ಯಾರ ಗಮನಕ್ಕೂ ಬಾರದಷ್ಟು ಸಹಜವಾಗಿಬಿಟ್ಟಿದೆ. ಆ ಮಗುವಿಗೆ ಡೌನ್ ಸಿಂಡ್ರೋಮ್ ಇರಬಹುದು, ಆಟಿಸಂ ಇರಬಹುದು, ಸೆರೆಬ್ರಲ್ ಪಾಲ್ಸಿಯಿಂದ ಕಾಲಿನ ಸ್ನಾಯುಗಳು ಬಿಗಿದಿರಬಹುದು. ಅಥವಾ ಯಾವ ವೈದ್ಯಕೀಯ ಹೆಸರೂ ಇಲ್ಲದೆ ‘ಸದಾ ಎಡವುವ ಮಗು’ ಎಂದಷ್ಟೇ ಕರೆಸಿಕೊಂಡಿರಬಹುದು. ಅದನ್ನು ಆಟದಿಂದ ದೂರವಿಟ್ಟವರಲ್ಲಿ ದುರುದ್ದೇಶವಿಲ್ಲ. ಬಿದ್ದು ಪೆಟ್ಟಾದರೆ ಗತಿಯೇನು ಎಂಬ ಭಯ ಶಿಕ್ಷಕರಿಗೂ ಇದೆ, ಹೆತ್ತವರಿಗೂ ಇದೆ. ಆದರೆ ಈ ಭಯದ ಫಲವಾಗಿ, ದೇಹದ ಚಲನೆಯ ಅಭ್ಯಾಸ ಯಾವ ಮಗುವಿಗೆ ಎಲ್ಲರಿಗಿಂತ ಹೆಚ್ಚು ಬೇಕೋ ಅದೇ ಮಗುವಿಗೆ ಅದು ಎಲ್ಲರಿಗಿಂತ ಕಡಿಮೆ ದೊರೆಯುತ್ತದೆ.

ಇಂಥ ಮಕ್ಕಳಿಗಾಗಿ ಹಲವು ದೇಶಗಳಲ್ಲಿ ಜಿಮ್ನಾಸ್ಟಿಕ್ಸ್ ಆಧಾರಿತ ಚಲನಾ ತರಬೇತಿಗಳು ನಡೆಯುತ್ತಿವೆ. ಜಿಮ್ನಾಸ್ಟಿಕ್ಸ್ ಎಂದೊಡನೆ ಒಲಿಂಪಿಕ್ಸ್‌ನಲ್ಲಿ ಕಂಡ ಪಲ್ಟಿಗಳು ಕಣ್ಣಮುಂದೆ ಬಂದು ಹೆತ್ತವರ ಭಯ ಇಮ್ಮಡಿಯಾಗಬಹುದು. ವಾಸ್ತವದಲ್ಲಿ ಈ ವಿದ್ಯೆಯ ಮೊದಲ ಪಾಠವೇ ಸುರಕ್ಷಿತವಾಗಿ ನೆಲಕ್ಕೆ ಬರುವುದು ಹೇಗೆ ಎಂಬುದು. ಬೀಳುವ ಭಯದಿಂದ ಆಟ ಬಿಟ್ಟ ಮಗುವಿಗೆ ಬೀಳುವುದನ್ನೇ ಕ್ರಮವಾಗಿ ಕಲಿಸುವ ಕ್ರೀಡೆ ಇದು. ಆ ತರಬೇತಿ ಹೇಗೆ ನಡೆಯುತ್ತದೆ, ಅದರಿಂದ ಏನನ್ನು ನಿರೀಕ್ಷಿಸಬಹುದು, ಯಾವ ಎಚ್ಚರ ಅಗತ್ಯ ಮತ್ತು ಗಡಿಯಾಚೆಯ ಕನ್ನಡ ಕುಟುಂಬಗಳು ಅದನ್ನು ಎಲ್ಲಿ ಕೇಳಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಆರು ಬಗೆಯ ಚಲನೆಗಳು

ಕೆನಡಾದ ಜಿಮ್ನಾಸ್ಟಿಕ್ಸ್ ಶಿಕ್ಷಣತಜ್ಞ ಕೀತ್ ರಸೆಲ್ ಅವರು ಈ ಕ್ರೀಡೆಯ ಸಾವಿರಾರು ಕೌಶಲಗಳನ್ನು ಆರು ಮೂಲ ಚಲನೆಗಳಾಗಿ ವಿಂಗಡಿಸಿದರು: ನೆಲಕ್ಕಿಳಿಯುವುದು, ಸ್ಥಿರವಾಗಿ ನಿಲ್ಲುವುದು, ಒಂದೆಡೆಯಿಂದ ಇನ್ನೊಂದೆಡೆಗೆ ಸಾಗುವುದು, ತಿರುಗುವುದು ಅಥವಾ ಉರುಳುವುದು, ತೂಗಾಡುವುದು ಮತ್ತು ನೆಗೆಯುವುದು. ಮಕ್ಕಳ ತರಬೇತಿಗಳು ಇಂದು ಬಹುಮಟ್ಟಿಗೆ ಈ ವಿಂಗಡಣೆಯ ಆಧಾರದ ಮೇಲೆ ನಡೆಯುತ್ತವೆ.

ಇವುಗಳಲ್ಲಿ ಯಾವುದೂ ನಮ್ಮ ಮಕ್ಕಳಿಗೆ ಹೊಸದಲ್ಲ. ಮಣೆಯ ಮೇಲೆ ನಿಂತು, ಮೊಣಕಾಲು ಮಡಚಿ, ಎರಡೂ ಪಾದ ಒಟ್ಟಿಗೆ ನೆಲ ಮುಟ್ಟುವಂತೆ ಕೆಳಗೆ ಹಾರುವುದು ಮೊದಲನೆಯದು. ಕೊಕ್ಕರೆಯಂತೆ ಒಂಟಿಕಾಲಿನಲ್ಲಿ ನಿಲ್ಲುವುದು ಎರಡನೆಯದು. ಕೈ ಮತ್ತು ಪಾದಗಳನ್ನೂರಿ ಕರಡಿಯಂತೆ ಸಾಗುವುದು, ಅಂಗಾತವಾಗಿ ಕೈಕಾಲೂರಿ ಏಡಿಯಂತೆ ನಡೆಯುವುದು ಮೂರನೆಯದು. ದೇವಸ್ಥಾನದ ಉರುಳುಸೇವೆಯಂತೆ ಉದ್ದಕ್ಕೆ ಮಲಗಿ ಉರುಳುವುದು ನಾಲ್ಕನೆಯದರ ಅತ್ಯಂತ ಸರಳ ರೂಪ. ಜೋಕಾಲಿ ಜೀಕುವುದು, ಗಟ್ಟಿಯಾದ ಅಡ್ಡಗೋಲನ್ನು ಹಿಡಿದು ಜೋತಾಡುವುದು ಐದನೆಯದು. ಕಪ್ಪೆ ಜಿಗಿತ ಮತ್ತು ಕುಂಟೆಬಿಲ್ಲೆ ಆರನೆಯದಕ್ಕೆ ಸೇರುತ್ತವೆ.

ಸ್ಪರ್ಧೆಯ ಸಮತೋಲನದ ತೊಲೆ 5 ಮೀಟರ್ ಉದ್ದ ಮತ್ತು 10 ಸೆಂಟಿಮೀಟರ್ ಅಗಲವಿದ್ದು, ನೆಲದಿಂದ 125 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ವಿಶೇಷ ಮಕ್ಕಳ ತರಬೇತಿ ಅಲ್ಲಿಂದ ಆರಂಭವಾಗುವುದಿಲ್ಲ. ಮೊದಲು ನೆಲದ ಮೇಲೆ ಸುಣ್ಣದಿಂದ ಎಳೆದ ಅಗಲವಾದ ಪಟ್ಟಿ, ಅನಂತರ ಕಿರಿದಾದ ಗೆರೆ, ಆಮೇಲೆ ನೆಲಕ್ಕೆ ಕೂಡಿದಂತೆ ಇಟ್ಟ ಹಲಗೆ. ಹಲಗೆಯನ್ನು ಒಂದು ಗೇಣು ಎತ್ತರಿಸುವ ಹೊತ್ತಿಗೆ ಕೆಲವು ಮಕ್ಕಳಿಗೆ ತಿಂಗಳುಗಳೇ ಕಳೆದಿರುತ್ತವೆ. ಗದ್ದೆಯ ಬದುವಿನ ಮೇಲೆ ನಡೆದು ಶಾಲೆಗೆ ಬರಬೇಕಾದ ಮಗುವಿಗೆ, ತೋಡಿನ ಸಂಕವನ್ನು ಹಿರಿಯರ ಕೈ ಹಿಡಿದು ದಾಟುವ ಮಗುವಿಗೆ, ಈ ಅಭ್ಯಾಸದ ಬೆಲೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ದೇಹದೊಳಗೆ ನಡೆಯುವುದೇನು?

ಕಣ್ಣು, ಕಿವಿ, ಮೂಗು, ನಾಲಗೆ, ಚರ್ಮ ಎಂಬ ಪಂಚೇಂದ್ರಿಯಗಳ ಜೊತೆಗೆ ಚಲನೆಗೆ ಅತ್ಯಗತ್ಯವಾದ ಇನ್ನೂ ಎರಡು ಸಂವೇದನೆಗಳು ನಮ್ಮಲ್ಲಿವೆ. ಮೊದಲನೆಯದು ಸಮತೋಲನದ ಸಂವೇದನೆ. ಪ್ರತಿ ಕಿವಿಯ ಒಳಭಾಗದಲ್ಲಿರುವ ಮೂರು ಅರ್ಧವೃತ್ತಾಕಾರದ ನಾಳಗಳು ತಲೆ ಯಾವ ದಿಕ್ಕಿಗೆ ತಿರುಗುತ್ತಿದೆ ಎಂಬುದನ್ನು ಮಿದುಳಿಗೆ ತಿಳಿಸುತ್ತವೆ. ಎರಡನೆಯದು ಅಂಗಸ್ಥಾನದ ಸಂವೇದನೆ. ಕಣ್ಣು ಮುಚ್ಚಿದ್ದರೂ ಕೈ ಎಲ್ಲಿದೆ, ಕಾಲು ಎಷ್ಟು ಮಡಚಿದೆ ಎಂಬುದು ಸ್ನಾಯು ಮತ್ತು ಕೀಲುಗಳಿಂದ ಬರುವ ಸಂದೇಶಗಳಿಂದ ನಮಗೆ ಗೊತ್ತಾಗುತ್ತದೆ. ಉರುಳುವಾಗ, ತೂಗುವಾಗ, ನೆಗೆದು ಇಳಿಯುವಾಗ ಈ ಎರಡೂ ಸಂವೇದನೆಗಳಿಗೆ ನೇರವಾದ ಕೆಲಸ ದೊರೆಯುತ್ತದೆ.

ಮಕ್ಕಳ ಅಗತ್ಯಗಳು ಒಂದೇ ತೆರನಲ್ಲ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಸ್ನಾಯುಗಳ ಬಿಗುವು ಕಡಿಮೆ, ಕೀಲುಗಳು ಸಡಿಲ. ಅವರು ನಡೆಯಲು ಕಲಿಯುವುದು ಸಾಮಾನ್ಯವಾಗಿ 2 ವರ್ಷದ ಆಸುಪಾಸಿನಲ್ಲಿ. ಬೆನ್ನು ಮತ್ತು ಹೊಟ್ಟೆಯ ಸ್ನಾಯುಗಳಿಗೆ ಬಲ ತರುವ ಕರಡಿ ನಡಿಗೆಯಂಥ ಅಭ್ಯಾಸಗಳು ಅವರಿಗೆ ವಿಶೇಷವಾಗಿ ಉಪಯುಕ್ತ. ಸೆರೆಬ್ರಲ್ ಪಾಲ್ಸಿಯ ಮಕ್ಕಳಿಗೆ ಬಲವರ್ಧನೆಯ ವ್ಯಾಯಾಮ ಕೊಟ್ಟರೆ ಸ್ನಾಯುಗಳ ಬಿಗಿತ ಇನ್ನೂ ಹೆಚ್ಚುತ್ತದೆ ಎಂಬ ನಂಬಿಕೆ ಹಿಂದೆ ಇತ್ತು. ಅದು ಸರಿಯಲ್ಲವೆಂದು ಮುಂದೆ ತಿಳಿದುಬಂತು. ಮಗುವಿಗೆ ನಿಜವಾಗಿ ಬೇಕಾದ ಕೆಲಸವನ್ನೇ ಮತ್ತೆ ಮತ್ತೆ ಅಭ್ಯಾಸ ಮಾಡಿಸುವುದು ಇಂದಿನ ಶಿಫಾರಸು.

ಹೆಸರಿಲ್ಲದೆ ಉಳಿದ ಇನ್ನೊಂದು ಗುಂಪಿದೆ. ಬುದ್ಧಿಯಲ್ಲಿ ಕೊರತೆಯಿಲ್ಲದಿದ್ದರೂ ಗುಂಡಿ ಹಾಕಲು, ಚೆಂಡು ಹಿಡಿಯಲು, ಸರಾಗವಾಗಿ ಬರೆಯಲು ವಯಸ್ಸಿಗೆ ಮೀರಿ ಕಷ್ಟಪಡುವ ಮಕ್ಕಳು ಇವರು. ಈ ಸ್ಥಿತಿಗೆ ಬೆಳವಣಿಗೆಯ ಸಮನ್ವಯ ತೊಡಕು ಎಂದು ಹೆಸರು. ಶಾಲಾ ವಯಸ್ಸಿನ ಪ್ರತಿ 100 ಮಕ್ಕಳಲ್ಲಿ 5ರಿಂದ 6 ಮಂದಿಗೆ ಇದು ಇರುತ್ತದೆಂಬುದು ಅಂದಾಜು. ಇವರನ್ನು ಸೋಮಾರಿಗಳೆಂದು ಗದರಿಸುವ ಮುನ್ನ ಹೆತ್ತವರೂ ಶಿಕ್ಷಕರೂ ಈ ಸಾಧ್ಯತೆಯನ್ನು ನೆನೆಯಬೇಕು.

ಕಲಿಸುವ ಕ್ರಮ

ಒಳ್ಳೆಯ ತರಬೇತುದಾರರು ಒಂದು ಚಲನೆಯನ್ನು ಹತ್ತು ತುಣುಕು ಮಾಡುತ್ತಾರೆ. ಮಣೆಯಿಂದ ಹಾರುವುದನ್ನೇ ನೋಡೋಣ. ಮೊದಲು ನೆಲದ ಮೇಲೆ ನಿಂತು ಮೊಣಕಾಲು ಮಡಚಿ ಏಳುವುದು, ಅನಂತರ ಕೈ ಹಿಡಿದು ಮಣೆಯಿಂದ ಕೆಳಗಿಳಿಯುವುದು, ಆಮೇಲೆ ಎರಡೂ ಕೈಗಳ ಆಸರೆಯಲ್ಲಿ ಹಾರುವುದು, ಬಳಿಕ ಒಂದು ಬೆರಳಿನ ಆಸರೆ, ಕೊನೆಗೆ ಆಸರೆಯಿಲ್ಲದೆ. ಇಳಿದ ಮೇಲೆ ಮೂರು ಎಣಿಸುವವರೆಗೆ ಅಲುಗದೆ ನಿಲ್ಲುವುದೂ ಪಾಠದ ಭಾಗವೇ. ಒಂದು ಹಂತ ಕೈಗೂಡದೆ ಮುಂದಿನದಕ್ಕೆ ಹೋಗುವುದಿಲ್ಲ. ಕೈಗೂಡಿದ ಪ್ರತಿ ಹಂತವನ್ನೂ ಮಗುವಿಗೆ ಗೊತ್ತಾಗುವಂತೆ ಮೆಚ್ಚಲಾಗುತ್ತದೆ.

ಆಟಿಸಂ ಇರುವ ಅನೇಕ ಮಕ್ಕಳಿಗೆ ಮಾತಿಗಿಂತ ಚಿತ್ರ ಬೇಗ ತಲುಪುತ್ತದೆ. ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಎರಿಕ್ ಶಾಪ್ಲರ್ ಮತ್ತು ಅವರ ಸಹೋದ್ಯೋಗಿಗಳು ರೂಪಿಸಿದ ಟೀಚ್ ಎಂಬ ಪದ್ಧತಿಯು ಚಿತ್ರರೂಪದ ವೇಳಾಪಟ್ಟಿಯನ್ನು ಜನಪ್ರಿಯಗೊಳಿಸಿತು. ಗೋಡೆಯ ಮೇಲೆ ನಾಲ್ಕು ಚಿತ್ರಗಳನ್ನು ಸಾಲಾಗಿ ಅಂಟಿಸಿ, ಮುಗಿದುದನ್ನು ಮಗುವೇ ತೆಗೆದು ಡಬ್ಬಿಗೆ ಹಾಕುವಂತೆ ಮಾಡಿದರೆ, ಇನ್ನೆಷ್ಟು ಉಳಿದಿದೆ, ಯಾವಾಗ ಮುಗಿಯುತ್ತದೆ ಎಂಬ ಆತಂಕ ತಗ್ಗುತ್ತದೆ. ಕರ್ಕಶವಾದ ಸೀಟಿ, ಗದ್ದಲ, ಅನಿರೀಕ್ಷಿತ ಸ್ಪರ್ಶ ಇವುಗಳಿಂದ ಕೆಲವು ಮಕ್ಕಳು ತತ್ತರಿಸುತ್ತಾರೆ. ಆದ್ದರಿಂದ ಹಿಡಿಯುವ ಮೊದಲು ‘ಈಗ ಸೊಂಟ ಹಿಡಿಯುತ್ತೇನೆ’ ಎಂದು ತಿಳಿಸುವುದು ಅಗತ್ಯ.

ಸಮನ್ವಯ ತೊಡಕಿನ ಮಕ್ಕಳಿಗಾಗಿ ಕೆನಡಾದ ಹೆಲೀನ್ ಪೊಲಟಾಯ್ಕೊ ಮತ್ತು ಆಂಜೆಲಾ ಮ್ಯಾಂಡಿಕ್ ಅವರು ಬೇರೊಂದು ಮಾರ್ಗ ತೋರಿಸಿದರು. ಗುರಿ, ಉಪಾಯ, ಪ್ರಯತ್ನ, ಪರಿಶೀಲನೆ ಎಂಬ ನಾಲ್ಕು ಮೆಟ್ಟಿಲುಗಳು ಅವು. ‘ನೀನು ಏನು ಮಾಡಬೇಕೆಂದಿರುವೆ? ಹೇಗೆ ಮಾಡುವೆ? ಮಾಡಿ ನೋಡು. ಉಪಾಯ ಫಲಿಸಿತೇ?’ ಎಂದು ಕೇಳುತ್ತ, ಉತ್ತರವನ್ನು ಮಗುವಿನಿಂದಲೇ ಹೊರಡಿಸುವುದು ಇದರ ಸಾರ. ಇದಕ್ಕೆ ಯಾವ ಉಪಕರಣವೂ ಬೇಡ. ತಾಳ್ಮೆ ಮಾತ್ರ ಬೇಕು.

ಸ್ಪೆಷಲ್ ಒಲಿಂಪಿಕ್ಸ್ ತೋರಿದ ದಾರಿ

ಪ್ಯಾರಾಲಿಂಪಿಕ್ಸ್‌ನಲ್ಲಿ ಜಿಮ್ನಾಸ್ಟಿಕ್ಸ್ ಇಲ್ಲ. ಬೌದ್ಧಿಕ ಅಂಗವೈಕಲ್ಯವುಳ್ಳವರಿಗೆ ಆ ಅವಕಾಶ ಕೊಟ್ಟದ್ದು ಸ್ಪೆಷಲ್ ಒಲಿಂಪಿಕ್ಸ್. ಯೂನಿಸ್ ಕೆನಡಿ ಶ್ರೈವರ್ ಅವರ ನೇತೃತ್ವದಲ್ಲಿ ಇದರ ಮೊದಲ ಕ್ರೀಡಾಕೂಟ 1968ರ ಜುಲೈ 20ರಂದು ಶಿಕಾಗೋದಲ್ಲಿ ನಡೆಯಿತು. ಇಂದು ಅದರಲ್ಲಿ ಕಲಾತ್ಮಕ ಮತ್ತು ಲಯಬದ್ಧ ಎಂಬ ಎರಡೂ ಬಗೆಯ ಜಿಮ್ನಾಸ್ಟಿಕ್ಸ್ ಇವೆ. ಅತ್ಯಂತ ಸರಳ ಚಲನೆಗಳ ಹಂತದಿಂದ ಕಠಿಣ ಹಂತದವರೆಗೆ ಶ್ರೇಣಿಗಳಿವೆ. ವಯಸ್ಸು, ಲಿಂಗ ಮತ್ತು ಸಾಮರ್ಥ್ಯವನ್ನು ನೋಡಿ ಸ್ಪರ್ಧಿಗಳನ್ನು ಚಿಕ್ಕ ಗುಂಪುಗಳಾಗಿ ವಿಂಗಡಿಸುವುದರಿಂದ ಮಗು ತನ್ನ ಸರಿಸಮಾನರೊಡನೆ ಮಾತ್ರ ಸ್ಪರ್ಧಿಸುತ್ತದೆ.

ಸ್ಪರ್ಧೆಗೆ ಕನಿಷ್ಠ ವಯಸ್ಸು 8. ಅದಕ್ಕಿಂತ ಕಿರಿಯರಿಗೆ, ಅಂದರೆ 2ರಿಂದ 7 ವರ್ಷದವರಿಗೆ, ಆಟದ ಮೂಲಕ ನಡೆಯುವುದು, ಓಡುವುದು, ಸಮತೋಲನ, ಜಿಗಿತ, ಹಿಡಿಯುವುದು, ಎಸೆಯುವುದು ಮುಂತಾದವನ್ನು ಕಲಿಸುವ ಪ್ರತ್ಯೇಕ ಕಾರ್ಯಕ್ರಮವಿದೆ. ಭಾರತದಲ್ಲಿ ಈ ಕೆಲಸವನ್ನು ನಡೆಸುವ ಸಂಸ್ಥೆ ಸ್ಪೆಷಲ್ ಒಲಿಂಪಿಕ್ಸ್ ಭಾರತ್. ರಾಜ್ಯಗಳಲ್ಲಿ ಅದರ ಘಟಕಗಳಿವೆ.

ನಿರೀಕ್ಷೆಗೂ ಒಂದು ಮಿತಿ

ಕ್ರಮಬದ್ಧ ಅಭ್ಯಾಸದಿಂದ ಸಮತೋಲನ, ಸ್ನಾಯುಬಲ, ನೆಗೆಯುವ ಮತ್ತು ಹಿಡಿಯುವ ಕೌಶಲಗಳು ಸುಧಾರಿಸುತ್ತವೆ ಎಂಬುದಕ್ಕೆ ಆಧಾರವಿದೆ. ಸರದಿಗಾಗಿ ಕಾಯುವುದು, ಇನ್ನೊಬ್ಬರನ್ನು ನೋಡಿ ಕಲಿಯುವುದು, ‘ನನಗೂ ಬರುತ್ತದೆ’ ಎಂಬ ಧೈರ್ಯ ಇವೂ ಜೊತೆಗೆ ಬರುತ್ತವೆ. ಆದರೆ ಇದು ಔಷಧವಲ್ಲ. ಡೌನ್ ಸಿಂಡ್ರೋಮ್ ವರ್ಣತಂತುಗಳಿಗೆ ಸಂಬಂಧಿಸಿದ ಸ್ಥಿತಿ. ಅದು ವ್ಯಾಯಾಮದಿಂದ ಮಾಯವಾಗದು. ಆಟಿಸಂ ಗುಣಪಡಿಸುತ್ತೇವೆ ಎಂದು ಹೇಳಿ ದೊಡ್ಡ ಮೊತ್ತ ಕೇಳುವವರನ್ನು ನಂಬಬಾರದು. ಅಮೆರಿಕದ ಎ. ಜೀನ್ ಏರ್ಸ್ ಅವರು 1972ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದ ಸಂವೇದನಾ ಸಮನ್ವಯ ಚಿಕಿತ್ಸೆಯ ಪರಿಣಾಮದ ಬಗೆಗೂ ತಜ್ಞರಲ್ಲಿ ಇಂದಿಗೂ ಒಮ್ಮತವಿಲ್ಲ. ತೂಗಾಡಿದ ಮಾತ್ರಕ್ಕೆ ಓದು ಬರಹ ತಾನಾಗಿ ಬರುವುದಿಲ್ಲ. ನಡೆಯುವುದನ್ನು ಅಭ್ಯಾಸ ಮಾಡಿದವರಿಗೆ ನಡಿಗೆ, ಜಿಗಿಯುವುದನ್ನು ಅಭ್ಯಾಸ ಮಾಡಿದವರಿಗೆ ಜಿಗಿತ ಒಲಿಯುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯು 2020ರ ತನ್ನ ಮಾರ್ಗಸೂಚಿಯಲ್ಲಿ ಅಂಗವೈಕಲ್ಯವುಳ್ಳ 5ರಿಂದ 17 ವರ್ಷದ ಮಕ್ಕಳಿಗೂ ದಿನಕ್ಕೆ ಸರಾಸರಿ 60 ನಿಮಿಷಗಳ ಚುರುಕಾದ ದೈಹಿಕ ಚಟುವಟಿಕೆಯನ್ನು ಶಿಫಾರಸು ಮಾಡಿದೆ. ಮಗುವಿನ ಈಗಿನ ಸಾಮರ್ಥ್ಯಕ್ಕೆ ಹೊಂದುವಂತಿದ್ದರೆ ಇದರಿಂದ ದೊಡ್ಡ ಅಪಾಯವಿಲ್ಲ ಎಂದೂ ಅದು ಹೇಳುತ್ತದೆ.

ಮರೆಯಬಾರದ ಎಚ್ಚರಗಳು

ಡೌನ್ ಸಿಂಡ್ರೋಮ್ ಇರುವ ಮಗುವಿನ ಹೆತ್ತವರು ಈ ಭಾಗವನ್ನು ಎರಡು ಬಾರಿ ಓದಬೇಕು. ಕತ್ತಿನ ಮೇಲ್ತುದಿಯ ಮೊದಲ ಎರಡು ಕಶೇರುಗಳ ನಡುವಿನ ಕೀಲು ಈ ಮಕ್ಕಳಲ್ಲಿ ಸಡಿಲವಾಗಿರಬಹುದು. 100ರಲ್ಲಿ 10ರಿಂದ 20 ಮಂದಿಯಲ್ಲಿ ಈ ಸಡಿಲತೆ ಎಕ್ಸ್-ರೇಯಲ್ಲಿ ಕಾಣಿಸುತ್ತದೆ. ಬೆನ್ನುಹುರಿ ಒತ್ತಿ ಲಕ್ಷಣಗಳು ತೋರುವುದು 1ರಿಂದ 2 ಮಂದಿಯಲ್ಲಿ ಮಾತ್ರ. ಆದರೂ ಆ ಅಪಾಯ ಗಂಭೀರವಾದುದು. ಆದ್ದರಿಂದ ವೈದ್ಯರು ಪರೀಕ್ಷಿಸಿ ಒಪ್ಪಿಗೆ ಕೊಡುವವರೆಗೆ ಲಾಗ ಹಾಕುವುದು, ತಲೆ ಕೆಳಗಾಗಿ ನಿಲ್ಲುವುದು, ಎತ್ತರದಿಂದ ಹಾರುವುದು ಸಲ್ಲದು. ಬ್ರಿಟನ್ನಿನ ಜಿಮ್ನಾಸ್ಟಿಕ್ಸ್ ಸಂಸ್ಥೆಯು ಇಂಥ ವೈದ್ಯಕೀಯ ತಪಾಸಣೆಯಿಲ್ಲದೆ ಡೌನ್ ಸಿಂಡ್ರೋಮ್ ಇರುವವರನ್ನು ತರಬೇತಿಗೆ ಸೇರಿಸುವುದಿಲ್ಲ.

ಒಮ್ಮೆ ತೆಗೆಸಿದ ಎಕ್ಸ್-ರೇ ಸರಿಯಿದ್ದರೆ ಜೀವನಪೂರ್ತಿ ನಿಶ್ಚಿಂತೆ ಎಂದು ತಿಳಿಯಬಾರದು. ಕತ್ತುನೋವು, ತಲೆ ಒಂದು ಬದಿಗೆ ವಾಲುವುದು, ನಡಿಗೆಯಲ್ಲಿ ಬದಲಾವಣೆ, ಕೈಕಾಲುಗಳ ಬಲ ಕುಂದುವುದು, ಹಿಂದೆ ಇದ್ದ ಮಲಮೂತ್ರದ ಹಿಡಿತ ತಪ್ಪುವುದು ಇವುಗಳಲ್ಲಿ ಯಾವುದು ಕಂಡರೂ ಆಟ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಈ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹುಟ್ಟಿನಿಂದ ಹೃದಯದ ದೋಷವಿರುವುದರಿಂದ ಅದರ ತಪಾಸಣೆಯೂ ಆಗಿರಬೇಕು.

ಸೆರೆಬ್ರಲ್ ಪಾಲ್ಸಿ ಇರುವವರಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಮಕ್ಕಳ ಸೊಂಟದ ಕೀಲು ಕ್ರಮೇಣ ಸ್ಥಾನ ತಪ್ಪುತ್ತದೆ. ಆಗಾಗ ಅದರ ಪರೀಕ್ಷೆ ಅಗತ್ಯ. ಫಿಟ್ಸ್ ಬರುವ ಮಗುವನ್ನು ಎತ್ತರಕ್ಕೆ ಹತ್ತಿಸುವುದಾಗಲಿ ಜೋತಾಡಿಸುವುದಾಗಲಿ ಹಿರಿಯರ ಕೈಗೆಟಕುವ ಅಂತರದಲ್ಲಿ ಮಾತ್ರ ನಡೆಯಬೇಕು. ಯಾವ ಮಗುವನ್ನೇ ಆಗಲಿ, ಮುಚ್ಚಿದ ಕೋಣೆಯಲ್ಲಿ ಒಬ್ಬರೇ ತರಬೇತುದಾರರೊಡನೆ ಬಿಡದೆ, ಹೆತ್ತವರಲ್ಲೊಬ್ಬರು ಕಣ್ಣಳತೆಯಲ್ಲಿ ಇರುವುದು ಒಳ್ಳೆಯದು.

ಯಾವ ಭಾಷೆಯಲ್ಲಿ ಹೇಳಬೇಕು?

ಗಡಿಯಾಚೆಯ ನಮ್ಮ ಕುಟುಂಬಗಳಿಗೆ ಇಲ್ಲೊಂದು ಪ್ರತ್ಯೇಕ ಸಮಸ್ಯೆಯಿದೆ. ಕಾಸರಗೋಡಿನ ಮಗುವಿಗೆ ಶಾಲೆಯಲ್ಲಿ ಕನ್ನಡ, ಮನೆಯಲ್ಲಿ ತುಳುವೋ ಹವ್ಯಕವೋ ಕೊಂಕಣಿಯೋ ಇರಬಹುದು. ಚಿಕಿತ್ಸಾ ಕೇಂದ್ರದಲ್ಲಿ ಕೇಳುವುದು ಮಲಯಾಳ. ತಾಳವಾಡಿಯ ಮಗುವಿಗೆ ತಮಿಳು, ಅಕ್ಕಲಕೋಟೆಯ ಮಗುವಿಗೆ ಮರಾಠಿ, ಆದೋನಿಯ ಮಗುವಿಗೆ ತೆಲುಗು. ‘ಮೊಣಕಾಲು ಮಡಚು’ ಎಂಬ ಮಾತು ಅರ್ಥವಾಗದೆ ಸುಮ್ಮನೆ ನಿಂತ ಮಗುವನ್ನು ‘ಸೂಚನೆ ಪಾಲಿಸುವುದಿಲ್ಲ’ ಎಂದು ದಾಖಲಿಸಿದರೆ, ಅಲ್ಲಿ ಅಳೆದದ್ದು ದೇಹದ ಸಾಮರ್ಥ್ಯವನ್ನಲ್ಲ.

ಮಗುವಿಗೆ ಗೊಂದಲವಾಗುತ್ತದೆ, ಮನೆಭಾಷೆಯನ್ನು ಬಿಟ್ಟು ಒಂದೇ ಭಾಷೆ ಮಾತನಾಡಿ ಎಂಬ ಸಲಹೆಯನ್ನು ಕೆಲವು ಹೆತ್ತವರು ಕೇಳಿರುತ್ತಾರೆ. ಡೌನ್ ಸಿಂಡ್ರೋಮ್ ಮತ್ತು ಆಟಿಸಂ ಇರುವ ಮಕ್ಕಳ ಮೇಲೆ ನಡೆದ ಅಧ್ಯಯನಗಳಲ್ಲಿ, ಎರಡು ಭಾಷೆಗಳ ನಡುವೆ ಬೆಳೆದುದರಿಂದ ಹಾನಿಯಾದುದು ಕಂಡುಬಂದಿಲ್ಲ. ಮನೆಭಾಷೆಯನ್ನು ಬಿಡಬೇಕಾದ ಕಾರಣವಿಲ್ಲ. ಮಾಡಬೇಕಾದುದು ಸರಳವಾಗಿದೆ. ನಿಲ್ಲು, ಮಡಚು, ಹಿಡಿ, ಬಿಡು, ಉರುಳು, ಹಾರು, ನಿಧಾನ, ಮುಗಿಯಿತು ಮುಂತಾದ ಹತ್ತು ಮಾತುಗಳನ್ನು ಮಗುವಿಗೆ ಗೊತ್ತಿರುವ ಭಾಷೆಯಲ್ಲಿ ಬರೆದು, ಪಕ್ಕದಲ್ಲಿ ರಾಜ್ಯಭಾಷೆಯ ಅಕ್ಷರಗಳಲ್ಲಿ ಅದರ ಉಚ್ಚಾರಣೆಯನ್ನೂ ಒಂದು ಚಿಕ್ಕ ಚಿತ್ರವನ್ನೂ ಸೇರಿಸಿ ಚಿಕಿತ್ಸಕರಿಗೆ ಕೊಡಬೇಕು. ಮನೆ, ಶಾಲೆ, ಕೇಂದ್ರ ಮೂರರಲ್ಲೂ ಒಂದು ಚಲನೆಗೆ ಒಂದೇ ಮಾತು ಬಳಕೆಯಾದರೆ ಮಗುವಿನ ಹೊರೆ ಅರ್ಧ ಇಳಿಯುತ್ತದೆ.

ಕಾನೂನು ಮತ್ತು ನೆರವು

ಅಂಗವಿಕಲರ ಹಕ್ಕುಗಳ ಕಾಯ್ದೆ, 2016 ದೇಶಕ್ಕೆಲ್ಲ ಒಂದೇ. ರಾಜ್ಯದ ಗಡಿ ಅದಕ್ಕಿಲ್ಲ. ಸರಕಾರಿ ಮತ್ತು ಸರಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಮಕ್ಕಳನ್ನು ತಾರತಮ್ಯವಿಲ್ಲದೆ ಸೇರಿಸಿಕೊಂಡು, ಶಿಕ್ಷಣದ ಜೊತೆಗೆ ಕ್ರೀಡೆ ಮತ್ತು ಮನರಂಜನೆಯ ಅವಕಾಶವನ್ನೂ ಇತರರಿಗೆ ಸಮನಾಗಿ ಒದಗಿಸಬೇಕೆಂದು ಅದರ 16ನೇ ಕಲಂ ಹೇಳುತ್ತದೆ. ಅಂದರೆ ಆಟದ ಅವಧಿಯಲ್ಲಿ ಪಾಲು ಕೇಳುವುದು ಉಪಕಾರದ ಬೇಡಿಕೆಯಲ್ಲ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಅಡಿಯಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ಉಚಿತ ತಪಾಸಣೆ ನಡೆಯುತ್ತದೆ. ತೊಡಕು ಕಂಡುಬಂದವರನ್ನು ಜಿಲ್ಲಾ ಮಟ್ಟದ ಆರಂಭಿಕ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸಲಾಗುತ್ತದೆ. ಸಮಗ್ರ ಶಿಕ್ಷಾ ಯೋಜನೆಯ ವಿಶೇಷ ಶಿಕ್ಷಕರನ್ನು ಬ್ಲಾಕ್ ಸಂಪನ್ಮೂಲ ಕೇಂದ್ರದಲ್ಲಿ ವಿಚಾರಿಸಬಹುದು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ ಮತ್ತು ಬಹುವಿಧ ಅಂಗವೈಕಲ್ಯ ಇರುವವರಿಗೆ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆಯು 1 ಲಕ್ಷ ರೂಪಾಯಿಯವರೆಗೆ ನೆರವು ಒದಗಿಸುತ್ತದೆ. ಚಿಕಿತ್ಸಾ ವ್ಯಾಯಾಮಗಳ ವೆಚ್ಚವೂ ಅದರ ವ್ಯಾಪ್ತಿಗೆ ಬರುತ್ತದೆ.

ಕೇರಳದಲ್ಲಿ ಕುಟುಂಬಶ್ರೀ ಹಾಗೂ ಸ್ಥಳೀಯ ಸಂಸ್ಥೆಗಳ ಬಡ್ಸ್ ಶಾಲೆಗಳಿವೆ. 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಎಂಡೋಸಲ್ಫಾನ್ ಸಿಂಪಡಿಸಲಾದ ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆಯಂಥ ಕಾಸರಗೋಡಿನ ಕನ್ನಡ ನೆಲದಲ್ಲಿ ಇವುಗಳ ಅಗತ್ಯ ಎಷ್ಟೆಂಬುದನ್ನು ಅಲ್ಲಿನ ಮನೆಗಳು ಚೆನ್ನಾಗಿ ಬಲ್ಲವು. ಅಂಥ ಶಾಲೆಯ ಹಜಾರದಲ್ಲಿ ದಪ್ಪನೆಯ ಹಾಸು, ಒಂದು ಹಲಗೆ, ಎರಡು ಮಣೆ, ನಾಲ್ಕು ಬಳೆಚಕ್ರಗಳಿದ್ದರೆ ಇಲ್ಲಿ ಹೇಳಿದ ಬಹುಪಾಲು ಅಭ್ಯಾಸಗಳನ್ನು ಆರಂಭಿಸಬಹುದು. ಫಿಸಿಯೋಥೆರಪಿಸ್ಟ್ ಒಮ್ಮೆ ಬಂದು ಪ್ರತಿ ಮಗುವಿಗೆ ಯಾವುದು ಸಲ್ಲುತ್ತದೆ, ಯಾವುದು ಸಲ್ಲದು ಎಂದು ಬರೆದುಕೊಟ್ಟರೆ, ದೈಹಿಕ ಶಿಕ್ಷಣ ಶಿಕ್ಷಕರು ಅದನ್ನು ಮುಂದುವರಿಸಬಲ್ಲರು.

ಮುಂದಿನ ರಕ್ಷಕ ಶಿಕ್ಷಕ ಸಭೆಗೆ ಹೋಗುವಾಗ ಹೆತ್ತವರು ವೈದ್ಯರ ಚೀಟಿಯೊಂದನ್ನೂ ಹತ್ತು ಮಾತುಗಳ ಪಟ್ಟಿಯೊಂದನ್ನೂ ಕೊಂಡೊಯ್ಯಲಿ. ಅಂಕಗಳ ವಿಚಾರ ಮುಗಿದ ಮೇಲೆ ಒಂದೇ ಒಂದು ಪ್ರಶ್ನೆ ಕೇಳಲಿ: ಆಟದ ಅವಧಿಯಲ್ಲಿ ನನ್ನ ಮಗು ಎಲ್ಲಿರುತ್ತದೆ?